ವರದೆಗೆ ಬಿಟ್ಟ ಹೊತ್ತಿಗೆ

ಹೊಳಬಸಪ್ಪ ಹೆಳವರವನು. ಹೆಳವರನ್ನು ಕಂಡರಿಯದವರಿಗೆ ಇಷ್ಟು ಹೇಳಿದರೆ ಸಾಕು: ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿಯುತ್ತಲೇ ಬಂದು, ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಳಿತು, ಆ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರ ಹೆಸರನ್ನೂ ಗಟ್ಟಿಯಾಗಿ ಓದಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಯಲ್ಲಿ ಬರೆದುಕೊಂಡು, ಮೊರದ ತುಂಬ ಕಾಳು ಪಡೆದು ಹೋಗುವವರು. ಸರಕಾರ ಜನನ ಮರಣ ಬರೆಯಲು ಕಲಿಯುವುದಕ್ಕೆ ಎಷ್ಟೋ ಮೊದಲೇ ಇವರು ಬರೆಯುತ್ತಿದ್ದರು, ಅದೂ ಅರ್ಜಿ ಗಿರ್ಜಿ ಕೇಳದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು ಕಡೆಯ ನಲವತ್ತೆರಡು ಮನೆತನಗಳು ಹೊಳಬಸಪ್ಪನ ಪಾಲಿಗೆ ಬಂದಿದ್ದವು. ಅವನ ಸ್ವಂತ ಊರು ಹಿರೇಕೆರೂರಿನ ಮಗ್ಗುಲಿಗೆ, ವಯಸ್ಸು ಎಪ್ಪತ್ತೈದು. ಮೊದಲು ಎತ್ತಿನ ಮೇಲೆ ತಿರುಗುತ್ತಿದ್ದವನು ಈಗ ಬಸ್ಸಿನಲ್ಲಿ ತಿರುಗುತ್ತಾನೆ. ಎತ್ತು ಎಂದೂ ಅವನನ್ನು ಅರ್ಧ ದಾರಿಯಲ್ಲಿ ಇಳಿಸಿರಲಿಲ್ಲ ಎಂದು ಕಂಡಕ್ಟರುಗಳಿಗೆ ಹೇಳುತ್ತಿರುತ್ತಾನೆ.

ಮಾಘದ ಒಂದು ಮಧ್ಯಾಹ್ನ ಅಕ್ಕಿಆಲೂರಿನಿಂದ ಫೋನು ಬಂತು. ಅಲ್ಲಿಯ ಅಕ್ಕಿ ಗಿರಣಿಯ ರುದ್ರೇಶ.

"ಅಜ್ಜಾರ, ನಮ್ಮವ್ವ ನಾಕ ತಿಂಗಳಿಂದ ಒಂದ ಸವನ ಹಟಾ ಹಿಡದಾಳ. ನನ್ನ ಮಗಳ ಹೆಸರೇನು, ನನ್ನ ಮಗಳ ಹೆಸರೇನು ಅಂತ ಕೇಳಾಕತ್ತಾಳ. ನಾ ಒಬ್ಬನ ಮಗ. ನನಗ ಅಕ್ಕ ಇಲ್ಲ, ತಂಗಿ ಇಲ್ಲ. ಡಾಕ್ಟರ್ ಕೇಳಿದ್ರ, ಮರವಿನ ಬ್ಯಾನಿ, ಹಿಂಗ ಇಲ್ಲದ್ದೆಲ್ಲಾ ಹೇಳ್ತಾರ ಅಂದ್ರು. ಆಕಿ ಮಾತ್ರ ಹೆಳವನ್ನ ಕರೀರಿ, ಅವನ ಹೊತ್ತಿಗ್ಯಾಗ ಐತಿ ಅಂತಾಳ. ಹಂಗೇನರ ಐತೇನ್ರಿ?"

"ಐತ್ರಿ ಸಾವಕಾರ್ರ," ಎಂದ ಹೊಳಬಸಪ್ಪ. "ಹೆಣ್ಣುಕೂಸು. ನಿಮಗಿಂತ ನಾಕ ವರ್ಷ ಮದ್ಲ ಹುಟ್ಟಿತ್ತು. ನಾನ ಬರದೇನಿ."

ರುದ್ರೇಶ ಗಿರಣಿಯಿಂದ ಹೊರಗೆ ಬಂದ ಹಾಗಿತ್ತು. ಹಿಂದಿನ ಸದ್ದು ಕಡಿಮೆಯಾಯಿತು.

"ಹೆಸರೇನಿತ್ರಿ?" ಎಂದ ರುದ್ರೇಶ.

ಹೊಳಬಸಪ್ಪ ಹೇಳಲು ಬಾಯಿ ತೆರೆದ. ಹೆಸರು ಬರಲಿಲ್ಲ.

ಹೋದ ದೀಪಾವಳಿಗೆ ಅವನಿಗೆ ಲಕ್ವಾ ಹೊಡೆದಿತ್ತು. ಎಡಗೈ ಸೋತಿತು, ಬಾಯಿ ಸೊಟ್ಟಗಾಯಿತು, ಎರಡು ತಿಂಗಳಲ್ಲಿ ಬಾಯಿ ನೆಟ್ಟಗಾಯಿತು. ಎಲ್ಲರೂ ಬದುಕಿಕೊಂಡ ಎಂದರು. ಅವನಿಗೊಬ್ಬನಿಗೇ ಗೊತ್ತಿತ್ತು, ಮನೆತನಗಳನ್ನು ಮನಸ್ಸಿನಲ್ಲೇ ಓದಿಕೊಳ್ಳುವಾಗ ನಡುನಡುವೆ ಹೆಸರುಗಳು ಇಲ್ಲವಾಗಿದ್ದವು. ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆ ಆಡಿದ ಹಾಗೆ ಅವನು ಆ ಖಾಲಿ ಜಾಗಗಳಲ್ಲಿ ಆಡುತ್ತಲೇ ಇರುತ್ತಿದ್ದ. ಆದರೆ ಈ ಹೆಸರೂ ಹೋಗಿದೆ ಎಂದು ಅವನು ಅಂದುಕೊಂಡಿರಲಿಲ್ಲ.

"ನಾಡದ ಬಂದು ಓದ್ತೇನ್ರಿ," ಎಂದು ಫೋನು ಇಟ್ಟ.

ಆ ಹೆಸರು ಬರೆದದ್ದು ಐವತ್ತು ವರ್ಷಕ್ಕೂ ಹಿಂದೆ. ಹೊಳಬಸಪ್ಪನ ಅಪ್ಪನಿಗೆ ಕಣ್ಣು ಮಂಜಾಗಿ, ಬರೆಯುವ ಕೆಲಸ ಮಗನ ಕೈಗೆ ಬಂದ ಮೊದಲ ವರ್ಷ ಅದು. ಅಕ್ಕಿಆಲೂರಿನ ಆ ಮನೆಯ ಸೊಸೆ ಸಿದ್ದವ್ವನಿಗೆ ಆಗ ಇಪ್ಪತ್ತೊಂದು. ಚೊಚ್ಚಲ ಹೆಣ್ಣು ಹುಟ್ಟಿ, ಒಂಬತ್ತನೆಯ ದಿನಕ್ಕೆ, ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಿತ್ತು. ತೊಟ್ಟಿಲಾಗದ ಕೂಸಿಗೆ ಹೆಸರಿಲ್ಲ. ಅತ್ತೆ ವೀರವ್ವ ಗಟ್ಟಿ ಹೆಂಗಸು, ಹೋದ ಕೂಸಿಗೆ ಹೆಸರಿಟ್ಟು ಕರೆದರೆ ಅದು ಮುಂದಿನ ಕೂಸನ್ನು ಕರೆದೊಯ್ಯುತ್ತದೆ ಎಂದು ಹೇಳಿ, ಆ ಸುದ್ದಿ ಎತ್ತುವುದಿಲ್ಲವೆಂದು ಸೊಸೆಯಿಂದ ಲಿಂಗ ಮುಟ್ಟಿಸಿ ಆಣೆ ಹಾಕಿಸಿದ್ದಳು. ಮನೆಯಲ್ಲಿ ಎಲ್ಲರೂ ಸುಮ್ಮನಾದರು. ಒಂಬತ್ತು ದಿನದ ಕೂಸನ್ನು ಮರೆಯಲು ಉಳಿದವರಿಗೆ ಎಷ್ಟು ದಿನ ಬೇಕು?

ಹೊಳಬಸಪ್ಪ ದನದ ಕೊಟ್ಟಿಗೆಯ ಬಳಿ ಎತ್ತು ಕಟ್ಟುತ್ತಿದ್ದಾಗ ಸಿದ್ದವ್ವ ಮೊರದಲ್ಲಿ ಭತ್ತ ತಂದಳು. ತಂದವಳು ಹೋಗಲಿಲ್ಲ.

"ನನಗೊಂದು ಹೆಣ್ಣು ಹುಟ್ಟಿತ್ತು. ಬರಕೋ," ಎಂದಳು.

"ಹೆಸರಿಲ್ಲದವರ್ನ ಬರಿಯಾಕ ಬರೂದಿಲ್ರಿ ಅವ್ವಾರ," ಎಂದ ಅವನು. ಅವನಿಗೆ ಹೊಸದಾಗಿ ಅಧಿಕಾರ ಬಂದಿತ್ತು, ನಿಯಮಗಳೆಲ್ಲ ಬಾಯಿಪಾಠವಾಗಿದ್ದವು.

ಸಿದ್ದವ್ವ ಹಿಂದೆ ತಿರುಗಿ ನೋಡಿದಳು. ಆಮೇಲೆ ಒಂದು ಹೆಸರು ಹೇಳಿದಳು, ಎತ್ತಿಗೂ ಕೇಳಿಸದಷ್ಟು ಮೆಲ್ಲಗೆ. ಹೊಳಬಸಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಬರೆದ. ಆ ಕಾಲದಲ್ಲಿ ಮನೆಯ ಹೆಣ್ಣುಮಕ್ಕಳನ್ನು ಬರೆಯುವ ರೂಢಿಯೇ ಇರಲಿಲ್ಲ, ಇನ್ನು ತೀರಿಹೋದದ್ದನ್ನು ಕೇಳುವುದೇ ಬೇಡ. ಅಪ್ಪನಿಗೂ ಅವನು ಹೇಳಲಿಲ್ಲ.

ಅಂದಿನಿಂದ ಮೂರು ವರ್ಷಕ್ಕೊಮ್ಮೆ ಆ ಹೆಸರನ್ನು ಅವನು ಓದುತ್ತ ಬಂದ. ಹೆಳವರ ಓದು ಬಿರುಸು, ನಿಂತು ಕೇಳುವವರು ಕಡಿಮೆ, ಗಂಡಸರು ತಮ್ಮ ಹೆಸರು ಬಂದಾಗ ಮಾತ್ರ ಮೀಸೆ ಮುಟ್ಟಿಕೊಳ್ಳುತ್ತಾರೆ. ಅದರ ನಡುವೆ ಆ ಹೆಸರು ಬಂದು ಹೋಗುತ್ತಿತ್ತು. ಒಳಬಾಗಿಲಲ್ಲಿ ನಿಂತ ಸಿದ್ದವ್ವ ಅದನ್ನು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು. ವೀರವ್ವ ಹೋದಳು, ಗಂಡ ಹೋದ. ಕೊಟ್ಟಿಗೆಯ ಬಳಿಯ ಆ ಒಂದು ಮಾತು ಬಿಟ್ಟರೆ ಸಿದ್ದವ್ವ ಆಣೆ ಮುರಿಯಲಿಲ್ಲ, ಮಗನಿಗೂ ಹೇಳಲಿಲ್ಲ. ಹೊತ್ತಿಗೆಯಲ್ಲಿ ಇದೆಯಲ್ಲ, ಅಷ್ಟು ಸಾಕು ಎಂದುಕೊಂಡಿದ್ದಳು.

ಈಗ ಅವಳು ಮರೆತಳು, ಇವನೂ ಮರೆತ. ಉಳಿದದ್ದು ಹೊತ್ತಿಗೆ. ಆ ಹೊತ್ತಿಗೆಯನ್ನು ಹೊಳಬಸಪ್ಪ ಹದಿನೇಳು ವರ್ಷದ ಹಿಂದೆ ತನ್ನ ಕೈಯಾರೆ ವರದಾ ಹೊಳೆಗೆ ಬಿಟ್ಟಿದ್ದ.

ಹುಚ್ಚ ಎಂದು ಬೈಯುವ ಮೊದಲು ಅವನ ಪದ್ಧತಿಯನ್ನೂ ಕೇಳಬೇಕು. ಹೊತ್ತಿಗೆ ಜೀರ್ಣವಾದರೆ ಹೊಸದಕ್ಕೆ ಇಳಿಸಬೇಕು. ಇಳಿಸಿದ ಮೇಲೆ ದೀಪ ಹಚ್ಚಿ, ಒಬ್ಬ ಹಳೆಯದನ್ನು ಓದಬೇಕು, ಇನ್ನೊಬ್ಬ ಹೊಸದರ ಮೇಲೆ ಬೆರಳಾಡಿಸುತ್ತ ಹೋಗಬೇಕು. ಒಂದಕ್ಷರವೂ ತಪ್ಪಿಲ್ಲ ಎಂದಾದ ದಿನವೇ ಹಳೆಯದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಹೊಳೆಗೆ ಬಿಡಬೇಕು. ಎರಡು ಹೊತ್ತಿಗೆ ಒಟ್ಟಿಗೆ ಇರಕೂಡದು. ಹೊಳಬಸಪ್ಪನ ಮುತ್ತಜ್ಜನ ಕಾಲದಲ್ಲಿ ಅಣ್ಣತಮ್ಮಂದಿರಿಬ್ಬರು ಎರಡು ಪ್ರತಿ ಇಟ್ಟುಕೊಂಡು, ಒಂದೇ ಮನೆಯ ಹಿರಿಮಗ ಯಾರೆಂಬುದನ್ನು ಒಬ್ಬ ಒಂದು ಬಗೆ, ಒಬ್ಬ ಇನ್ನೊಂದು ಬಗೆ ಓದಿ, ಆ ಊರಲ್ಲಿ ತಲೆ ಒಡೆದಿದ್ದವು. ಅಂದಿನಿಂದ ಈ ಕಟ್ಟಳೆ. ಹೊಳಬಸಪ್ಪನ ಅಪ್ಪನೂ ಒಂದನ್ನು ಹಾಗೇ ಬಿಟ್ಟು ಬಂದಿದ್ದ.

ಹದಿನೇಳು ವರ್ಷದ ಹಿಂದೆ ಯಾವುದೋ ಸಂಸ್ಥೆಯವರು ಹಳೆಯ ದಾಖಲೆ ಉಳಿಸುತ್ತೇವೆಂದು ಹಿರೇಕೆರೂರಿಗೆ ಬಂದರು. ಬೆಂಗಳೂರು ಕಡೆಯ ಪೂಜಾ ಎಂಬ ಹುಡುಗಿ ಅವರ ಮುಂದಾಳು. ಎರಡು ದಿನ ಕುಳಿತು, ಹಾಳೆ ಹರಿಯದಂತೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುವಿ, ಎಲ್ಲ ಪುಟಗಳ ಚಿತ್ರ ಹೊಡೆದರು. ಬಂಗಾರದ ಬಣ್ಣದ ಮೂರು ಸಿ.ಡಿ. ಕೊಟ್ಟರು.

"ಇನ್ಮೇಲೆ ಕಾಗದ ಹರಿಯುತ್ತೆ ಅನ್ನೋ ಚಿಂತೆ ಇಲ್ಲ ಅಜ್ಜ. ಇದು ನೂರು ವರ್ಷ ಇರುತ್ತೆ," ಎಂದಳು ಪೂಜಾ.

ಹೊಳಬಸಪ್ಪ ಒಂದು ಮಾತು ಕೇಳಿಕೊಂಡ. ಕಂಪ್ಯೂಟರಿನ ಮುಂದೆ ದೀಪ ಹಚ್ಚಿಟ್ಟು, ತಾನು ಹೊತ್ತಿಗೆ ಓದುತ್ತೇನೆ, ನೀವು ಅದರಲ್ಲಿ ಪುಟ ತೋರಿಸುತ್ತ ಹೋಗಿ ಎಂದ. ಪೂಜಾಗೆ ಅದು ಬಹಳ ಹಿಡಿಸಿತು, ಅದರದೂ ಫೋಟೋ ತೆಗೆದಳು. ಅಕ್ಷರ ಅಕ್ಷರವೂ ತಾಳೆಯಾಯಿತು. ಹೊರಡುವಾಗ ಹೊತ್ತಿಗೆಯನ್ನು ಹುಷಾರಾಗಿ ನೋಡಿಕೊಳ್ಳಿ ಎಂದು ಅವಳು ಹೇಳಿದಳು, ಅವನು ಆಗಲಿ ಎಂದ. ಅವಳ ಲೆಕ್ಕದಲ್ಲಿ ಹೊತ್ತಿಗೆ ಒಂದಿದ್ದದ್ದು ಎರಡಾಗಿತ್ತು. ಅವನ ಲೆಕ್ಕದಲ್ಲಿ ಹಳೆಯದರ ಆಯುಷ್ಯ ಮುಗಿದಿತ್ತು. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ತಮ್ಮ ಲೆಕ್ಕವನ್ನು ಬಾಯಿಬಿಟ್ಟು ಹೇಳಬೇಕೆನಿಸಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ, ಯಾರನ್ನು ಬೈಯಬೇಕೋ ತಿಳಿಯುವುದಿಲ್ಲ.

ಆಮೇಲೆ ಆ ಸಿ.ಡಿ.ಗಳನ್ನು ಹೊತ್ತಿಗೆಯ ಕೆಂಪು ವಸ್ತ್ರದಲ್ಲೇ ಸುತ್ತಿಕೊಂಡು ತಿರುಗಿದ. ಓದುವ ಮೊದಲು ಅವನ್ನು ಮುಂದಿಟ್ಟು ಕೈಮುಗಿದು, ಕಣ್ಣು ಮುಚ್ಚಿ, ಬಾಯಿಪಾಠದಿಂದ ಹೇಳುತ್ತಿದ್ದ. ಹೊಸದಾಗಿ ಹುಟ್ಟಿದವರನ್ನಷ್ಟೇ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಹೆಳವನೂ ಡಿಜಿಟಲ್ ಆದ ಎಂದು ಜನ ನಕ್ಕರು, ಅವನಿಗೂ ಒಳಗೊಳಗೆ ಹೆಮ್ಮೆಯೇ. ಅವು ತೆರೆಯುತ್ತವೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ರುದ್ರೇಶನ ಫೋನು ಬಂದ ಮರುದಿನ ಹೊಳಬಸಪ್ಪ ಮಗಳು ಸವಿತಾಳನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋದ. ಹಿರೇಕೆರೂರಿನಲ್ಲಿ ಕೇಳಿದ ಎರಡು ಅಂಗಡಿಯವರೂ ಈಗ ಸಿ.ಡಿ. ಹಾಕುವ ಜಾಗವೇ ಕಂಪ್ಯೂಟರಿಗೆ ಇರುವುದಿಲ್ಲ ಎಂದಿದ್ದರು. ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನ ಹಿಂದೆ ಗೌಹರ ಎಂಬ ನಲವತ್ತರ ಹೆಂಗಸು ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಾಳೆ, ಅವಳ ಹತ್ತಿರ ಇರಬಹುದು ಎಂದು ಅವರಲ್ಲೊಬ್ಬ ಹೇಳಿದ್ದ.

ಗೌಹರ ಕೆಂಪು ವಸ್ತ್ರ ಬಿಚ್ಚಿದಳು. ಮೊದಲನೆಯ ಸಿ.ಡಿ.ಯ ಬಂಗಾರ ಹೊಪ್ಪಳಿಕೆ ಎದ್ದು ಅವಳ ಬೆರಳಿಗೆ ಅಂಟಿತು. ಎರಡನೆಯದೂ ಹಾಗೇ. ಬೆಳಕಿಗೆ ಹಿಡಿದರೆ ಆಚೆಯ ಬಸ್ಸು ಕಾಣುತ್ತಿತ್ತು.

"ಇವು ಹೋದ್ವರಿ ಅಜ್ಜಾರ," ಎಂದಳು. "ಇದೊಂದು ನೋಡೂಣು."

ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಡಬ್ಬಿಯನ್ನು ಎಳೆದು, ಧೂಳು ಊದಿ, ವಾಯರು ಜೋಡಿಸಿ ಮೂರನೆಯದನ್ನು ಹಾಕಿದಳು. ಅದು ಕರ್ರ್ ಎಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆಯ ಮೇಲೆ ಉಗುರಿನಷ್ಟು ಸಣ್ಣ ಚಿತ್ರಗಳು ಸಾಲಾಗಿ ಮೂಡಿದವು.

ಹೊಳಬಸಪ್ಪ ಕುರ್ಚಿಯಿಂದ ಎದ್ದ. ಕನ್ನಡಕ ಹಾಕಿಕೊಂಡು ಮುಖ ಹತ್ತಿರ ತಂದ. ಅವನ ಅಪ್ಪನ ಬರಹ, ಬಲಕ್ಕೆ ವಾಲಿದ ಸಾಲುಗಳು. ಆಮೇಲೆ ಅವನದೇ ಬರಹ ಶುರುವಾದ ಪುಟ, ಹೆದರಿ ಹೆದರಿ ಬರೆದದ್ದಕ್ಕೆ ಮಸಿ ಹೆಚ್ಚಾಗಿ ಕೆಳಗೆ ಕಲೆಯಾಗಿತ್ತು.

"ಇದ, ಇದ," ಎಂದ. "ಇದ ಪುಟ. ಅಕ್ಕಿಆಲೂರಿಂದು. ಈ ಕಲಿ ಮ್ಯಾಲಿನ ಸಾಲಿನ್ಯಾಗ ಐತಿ. ಇದನ್ನ ದೊಡ್ಡದು ಮಾಡವಾ."

ಗೌಹರ ದೊಡ್ಡದು ಮಾಡಿದಳು. ಸಾಲು ಚೌಕ ಚೌಕವಾಗಿ ಒಡೆಯಿತು. ಇನ್ನಷ್ಟು ದೊಡ್ಡದು ಮಾಡಿದಳು. ಬೂದು ಬಣ್ಣದ ಚೌಕಗಳಷ್ಟೇ ಉಳಿದವು.

"ಇವು ಬರೇ ಗುರ್ತಿಗೆ ಇಟ್ಟ ಸಣ್ಣ ಚಿತ್ರರಿ. ಓದೂ ಅಂಥಾವು ಈ ಬ್ಯಾರೆ ಫೈಲಿನ್ಯಾಗ ಅದಾವ. ಇದನ್ನ ತಗಿಯೂ ಸಾಫ್ಟ್‌ವೇರ್ ಅವರದ ಸ್ವಂತದ್ದು. ಅದು ಈಗ ಎಲ್ಲೂ ಸಿಗೂದಿಲ್ಲ."

ಆದರೂ ಅವಳು ಬಿಡಲಿಲ್ಲ. ಗಿರಾಕಿಗಳನ್ನು ಕಾಯಿಸಿ, ಒಂದೂವರೆ ತಾಸು ಏನೇನೋ ಹಾಕಿ ನೋಡಿದಳು. ಸಿ.ಡಿ.ಯ ಮೇಲೆ ಬರೆದಿದ್ದ ಸಂಸ್ಥೆಯ ನಂಬರಿಗೆ ಸವಿತಾ ಫೋನು ಮಾಡಿದಳು, ಆ ನಂಬರು ಅಸ್ತಿತ್ವದಲ್ಲಿಲ್ಲ ಎಂದು ಹೆಣ್ಣುದನಿಯೊಂದು ಹೇಳಿತು. ಕೊನೆಗೆ ಗೌಹರ ಹಣೆ ಒರೆಸಿಕೊಂಡು, "ಅಸಲಿ ಪುಸ್ತಕ ಮನ್ಯಾಗ ಐತೇಲ್ರಿ? ಅದನ್ನ ತಗೊಂಡ ಬರ್ರಿ. ಈಗೇನು, ಮೊಬೈಲ್‌ನ್ಯಾಗ ಹೊಡದು ಅರ್ಧಾ ತಾಸಿನ್ಯಾಗ ಕೊಡ್ತೇನಿ," ಎಂದಳು.

ಹೊಳಬಸಪ್ಪ ಪರದೆಯ ಕಡೆ ತಿರುಗಿದ. ಸವಿತಾ ಅವನ ಮುಖ ನೋಡಿದಳು.

"ಹೊಳಿಗೆ ಬಿಟ್ಟೇನವಾ," ಎಂದ ಅವನು. "ಇದು ಬಂತಲ್ಲ ಅಂತ."

ಗೌಹರ ಮೌಸಿನ ಮೇಲಿಂದ ಕೈ ತೆಗೆದಳು. ಹೊಳಬಸಪ್ಪ ಪರದೆಯ ಮೇಲೆ ಆ ಸಾಲಿದ್ದ ಕಡೆ ಬೆರಳಿಟ್ಟು ನಿಂತಿದ್ದ. ತನ್ನ ಕೈಬರಹ ಕಾಣುತ್ತಿದೆ, ಹೆಸರು ಅಲ್ಲೇ ಇದೆ, ಇರುವೆಯಷ್ಟಾಗಿ ಕುಳಿತಿದೆ. ಕಳೆದುಹೋಗಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಅಕ್ಕಿಆಲೂರಿನ ಬಸ್ಸಿನಲ್ಲಿ ಸವಿತಾ ಮೆಲ್ಲಗೆ ಹೇಳಿದಳು, "ಯಪ್ಪಾ, ಯಾವುದರ ಒಂದು ಹೆಸರು ಓದಿಬಿಡು. ಆ ಅಮ್ಮಗರ ಎಲ್ಲಿ ನೆನಪೈತಿ? ಹೆಸರು ಕೇಳಿ ಸಮಾಧಾನ ಆಗ್ಲಿ."

"ಹೆಳವರವರು ಸುಳ್ಳು ಓದೂದಿಲ್ಲ," ಎಂದ ಅವನು.

ರುದ್ರೇಶನ ಮನೆಯಲ್ಲಿ ಈಗ ಕಾಗದವೆಂಬುದು ದೇವರ ಜಗುಲಿಯ ಮೇಲಿನ ಪಂಚಾಂಗ ಒಂದೇ. ಹೊಲದ ಪಹಣಿ ಉತಾರ, ಮದುವೆಯ ಪತ್ರಿಕೆ, ಕಡೆಗೆ ಕುಂಡಲಿಯೂ ಫೋನಿನಲ್ಲಿ. ಹಳೆಯ ಟ್ರಂಕನ್ನು ಖಾಲಿ ಮಾಡಿ ಅದರಲ್ಲಿ ಈಗ ಹಾಸಿಗೆ ತುಂಬಿದ್ದಾರೆ. ಅವನ ಹೆಂಡತಿ ತನುಜಾ ನೀರು ತಂದಿಟ್ಟಳು. ಸಿದ್ದವ್ವ ಪಡಸಾಲೆಯ ಮಂಚದ ಮೇಲೆ ಕುಳಿತಿದ್ದಳು. ಮೈ ಇಳಿದಿತ್ತು, ಆದರೆ ಹೆಳವನನ್ನು ಕಂಡೊಡನೆ ಸೆರಗು ಸರಿಮಾಡಿಕೊಂಡಳು.

"ಬಂದ್ಯಾ ಹೊಳಬಸಪ್ಪಾ? ಓದು."

"ಅವ್ವಾರ, ಮದ್ಲ ಇವರಿಗೊಂದ ಮಾತ ಹೇಳ್ತೇನಿ," ಎಂದು ಅವನು ರುದ್ರೇಶನ ಕಡೆ ತಿರುಗಿದ. "ನಿಮ್ಮವ್ವಗ ಹುಚ್ಚ ಹಿಡದಿಲ್ರಿ. ನಿಮಗ ಅಕ್ಕ ಇದ್ಲು. ಒಂಬತ್ತ ದಿನ ಇದ್ಲು."

ಕೊಟ್ಟಿಗೆ, ಮೊರ, ಆಣೆ, ಎಲ್ಲವನ್ನೂ ಹೇಳಿದ. ರುದ್ರೇಶ ತಾಯಿಯ ಕಾಲ ಬಳಿ ನೆಲದ ಮೇಲೆ ಕುಳಿತ. ನಾಲ್ಕು ತಿಂಗಳಿಂದ ತಾಯಿ ಕೇಳಿದಾಗೆಲ್ಲ ಅವನು ಗುಳಿಗೆ ಕೊಡುತ್ತಿದ್ದ. "ಯವ್ವಾ, ನನಗ ಯಾಕ ಹೇಳಲಿಲ್ಲಬೇ," ಎಂದ. ಸಿದ್ದವ್ವ ಅವನ ತಲೆ ಸವರಿದಳು, ಆದರೆ ಕಣ್ಣು ಹೆಳವನ ಮೇಲೇ ಇತ್ತು.

"ಹೆಸರು ಓದಪಾ," ಎಂದಳು.

"ಪುಟ ತೆರಿಯವಲ್ತರಿ ಅವ್ವಾರ. ನನಗೂ ನೆನಪಿಗೆ ಬರವಲ್ತು."

ಸಿದ್ದವ್ವನಿಗೆ ಅದು ಅರ್ಥವಾಗಲಿಲ್ಲ. ಹೊತ್ತಿಗೆ ಇದ್ದ ಮೇಲೆ ಹೆಸರು ಬಾರದೇ ಇರುವುದು ಹೇಗೆ? ಅವಳು ಕಾಯುತ್ತ ಕುಳಿತಳು. ಆ ಕಾಯುವಿಕೆಯನ್ನು ನೋಡಲಾರದೆ ಹೊಳಬಸಪ್ಪ, ಕೇಳಿದರಾದರೂ ಗುರುತು ಸಿಕ್ಕೀತು ಎಂದು ಶುರು ಮಾಡಿದ.

"ಗಂಗವ್ವ ಏನ್ರಿ?"

"ಅಲ್ಲ."

"ನೀಲವ್ವ?"

"ಅಲ್ಲ."

"ಪಾರ್ವತೆವ್ವ? ಶಾಂತವ್ವ? ಗಿರಿಜಾ?"

ಅಲ್ಲ, ಅಲ್ಲ, ಅಲ್ಲ. ಒಂದೊಂದಕ್ಕೂ ಅವಳು ಗಟ್ಟಿಯಾಗಿ ತಲೆ ಅಲ್ಲಾಡಿಸಿದಳು. ಆ ಹೆಸರು ಯಾವುದೆಂದು ಗೊತ್ತಿಲ್ಲದವಳಿಗೆ ಯಾವುದು ಅಲ್ಲ ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಹೊಳಬಸಪ್ಪ ನಲವತ್ತೆರಡು ಮನೆತನದ ಸೊಸೆಯಂದಿರನ್ನೆಲ್ಲ ಕರೆದ. ತನುಜಾ ತನ್ನ ತವರಿನ ಅತ್ತೆ ಚಿಕ್ಕಮ್ಮಂದಿರ ಹೆಸರು ಹೇಳಿದಳು. ಸವಿತಾ ಹೇಳಿದಳು. ರುದ್ರೇಶ ಗೋಡೆಗೆ ಒರಗಿ, ಫೋನಿನಲ್ಲಿ ಹುಡುಕಿ ಹುಡುಕಿ, ಈಗಿನ ಕಾಲದ ಹೆಸರುಗಳನ್ನೂ ಬಿಡದೆ ಹೇಳಿದ. ಚಹಾ ತಣ್ಣಗಾಯಿತು, ಮತ್ತೆ ಕಾಸಿ ತಂದರು, ಅದೂ ತಣ್ಣಗಾಯಿತು. ಬಿಸಿಲು ಪಡಸಾಲೆಯಿಂದ ಅಂಗಳಕ್ಕೆ ಇಳಿಯಿತು. ಹೊಳಬಸಪ್ಪನ ನಾಲಿಗೆ ತೊದಲತೊಡಗಿತು, ಸೋತ ಕೈ ತೊಡೆಯ ಮೇಲೆ ನಡುಗುತ್ತಿತ್ತು.

"ಕಸ್ತೂರೆವ್ವ?"

ಸಿದ್ದವ್ವ ಅಲ್ಲವೆನ್ನಲು ತಲೆ ಎತ್ತಿದವಳು ಅವನ ಕೈ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಹೂಂ," ಎಂದಳು. "ಅದ ಇರ್ಲಿ ಬಿಡು. ದಣದಿ ನೀ."

ತನುಜಾ ಸಿಕ್ಕಿತು ಎಂದು ಕಣ್ಣೊರೆಸಿಕೊಂಡಳು. ಹೊಳಬಸಪ್ಪನಿಗೆ ಮಾತ್ರ ತಿಳಿಯಿತು, ಅವಳು ಹೆಸರನ್ನು ಗುರುತಿಸಿ ಹೂಂ ಎಂದದ್ದಲ್ಲ, ತನ್ನ ಮೇಲೆ ಕರುಣೆ ಬಂದು ಎಂದದ್ದು. ಇಡೀ ಆಯುಷ್ಯದಲ್ಲಿ ಅವನೊಬ್ಬನ ಹೊರತು ಯಾರಿಗೂ ಹೇಳದೆ ಕಾದುಕೊಂಡು ಬಂದ ಮಗಳನ್ನು ಅವನ ದಣಿವಿಗೋಸ್ಕರ ಬಿಟ್ಟುಕೊಟ್ಟಿದ್ದಳು.

ಹೆತ್ತವಳೇ ಹೂಂ ಎಂದ ಮೇಲೆ ಬರೆಯದೆ ಇರುವಂತಿರಲಿಲ್ಲ, ಅವನು ನೋಟುಬುಕ್ಕು ತೆರೆದು ಬರೆದ. ಬರೆದದ್ದನ್ನು ಓದಬೇಕೆಂಬುದು ಕಟ್ಟಳೆ, ಆದ್ದರಿಂದ ಓದಿದ. ಮೂಲಪುರುಷನಿಂದ ಹಿಡಿದು, ಬಿಟ್ಟುಹೋದಲ್ಲಿ ರುದ್ರೇಶನನ್ನು ಕೇಳಿಕೊಂಡು, ಸಿದ್ದವ್ವನ ಗಂಡನವರೆಗೆ ಬಂದ. ಸಿದ್ದವ್ವನ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣು ಕಸ್ತೂರೆವ್ವ ಎಂದು ಓದಿದ. ಆಮೇಲೆ ರುದ್ರೇಶ, ಆಮೇಲೆ ಅವನ ಮಕ್ಕಳು. ಮುಗಿಸಿ ಕೈಮುಗಿದ.

ಸಿದ್ದವ್ವ ಇನ್ನೂ ಕಿವಿಗೊಟ್ಟು ಕುಳಿತೇ ಇದ್ದಳು.

"ಛಲೋ ಓದಿದಿ," ಎಂದಳು. "ನನ್ನ ಮಗಳದು ಬರಲಿಲ್ಲಲ್ಲಪಾ."

"ಯವ್ವಾ, ಓದಿದ್ರಲ್ಲ. ಕಸ್ತೂರೆವ್ವ ಅಂತ," ಎಂದ ರುದ್ರೇಶ.

"ಅದು ಯಾರದೋ. ನನ್ನ ಮಗಳದು?"

ಹೊಳಬಸಪ್ಪ ಕಂಬಳಿಯಿಂದ ಎದ್ದು ಬಂದು ಮಂಚದ ಬಳಿ ಕುಳಿತ.

"ನಂದ ತಪ್ಪ್ರಿ ಅವ್ವಾರ. ನೀವು ಕೊಟ್ಟದ್ದನ್ನ ನಾ ಕಳದೇನಿ. ನನ್ನ ಕೈಯಾರೆ ಕಳದೇನ್ರಿ," ಎಂದ. ಅಷ್ಟು ವಯಸ್ಸಿನ ಗಂಡಸು ಅಳುವುದನ್ನು ಆ ಮನೆಯವರು ಕಂಡಿರಲಿಲ್ಲ.

ಸಿದ್ದವ್ವ ಸಿಟ್ಟಾಗಲಿಲ್ಲ.

"ಕಳದ್ರ ಅಳ್ತಾರೇನು? ಹುಡುಕ್ಕೊಂಡ ಬಾ," ಎಂದಳು. "ಅವಸರ ಇಲ್ಲ. ನಾ ಇಲ್ಲೇ ಕುಂತಿರ್ತೇನಿ."

ಅವಳು ಮಂಚದ ಮೇಲೆ ಬಾಗಿಲ ಕಡೆ ಮುಖ ಮಾಡಿ ಕುಳಿತಳು. ಹೊಳಬಸಪ್ಪ ಸವಿತಾಳ ಕೈ ಹಿಡಿದು ಎದ್ದ. "ಹೂಂನ್ರಿ ಅವ್ವಾರ, ಬರ್ತೇನಿ," ಎಂದು ಹೇಳಿ, ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ ಮೆಟ್ಟಿಲು ಇಳಿದ.